ಬೆರಳ ತುದಿಯ ಹುಣ್ಣು

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯ ಅರ್ಥವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಪ್ಪಾಣಿಯಲ್ಲಿ ತಂಬಾಕು ಹಸನು ಮಾಡುವುದು, ಬೀಡಿ ಕಟ್ಟುವುದು. ಅಥಣಿಯಲ್ಲಿ ಚಪ್ಪಲಿ ಹೊಲಿಯುವುದು. ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಕಡೆ ಕಬ್ಬು ಕಡಿಯುವುದು – ಇವೆಲ್ಲವೂ ಹತ್ತು ಬೆರಳುಗಳನ್ನು ನಂಬಿದ ಬದುಕುಗಳು. ಹೀಗಿರಲು ಆ ಬೆರಳುಗಳಿಗೇ ರೋಗ ಬಂದರೆ ಗತಿಯೇನು? ಈ ಪ್ರಶ್ನೆ ನಮ್ಮ ಮನೆಯಲ್ಲಿಯೇ ಎದ್ದುದರಿಂದ ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದ್ದೇನೆ. ನಾನು ವೈದ್ಯನಲ್ಲ, ಕಲಾ ವಿಭಾಗದ ವಿದ್ಯಾರ್ಥಿ. ವೈದ್ಯರಿಂದ ಕೇಳಿ, ಪುಸ್ತಕಗಳಲ್ಲಿ ಓದಿ ತಿಳಿದುದನ್ನಷ್ಟೇ ಸಹಪಾಠಿಗಳ ಮುಂದಿಡುತ್ತೇನೆ.

ನನ್ನ ಚಿಗವ್ವ ನಿಪ್ಪಾಣಿಯ ಹತ್ತಿರದ ಹಳ್ಳಿಯವಳು. ಬೀಡಿ ಕಟ್ಟಿ ಸಂಸಾರ ಸಾಗಿಸಿದವಳು. ಕೆಲವು ವರ್ಷಗಳ ಹಿಂದೆ ಚಳಿಗಾಲದ ಮುಂಜಾವಿನಲ್ಲಿ ತಣ್ಣೀರು ಮುಟ್ಟಿದೊಡನೆ ಆಕೆಯ ಬೆರಳುಗಳು ಸುಣ್ಣದಂತೆ ಬೆಳ್ಳಗಾಗತೊಡಗಿದವು. ಸ್ವಲ್ಪ ಹೊತ್ತಿಗೆ ನೀಲಿಯಾಗಿ, ಕಾವು ತಗುಲಿದ ಮೇಲೆ ಕೆಂಪಗಾಗುತ್ತಿದ್ದವು. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮುಂದೆ ಬೆರಳಿನ ಚರ್ಮ ಬಿಗಿದು ಗಡಸಾಯಿತು. ಮುಷ್ಟಿ ಕಟ್ಟುವುದೂ ಕಷ್ಟವಾಯಿತು. ಕಡೆಗೆ ತೋರುಬೆರಳಿನ ತುದಿಯಲ್ಲಿ ಕಾಳಿನಷ್ಟು ಹುಣ್ಣೊಂದು ಎದ್ದಿತು.

ಈ ರೋಗಕ್ಕೆ ಸ್ಕ್ಲೆರೋಡರ್ಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಗಡಸು ಚರ್ಮ. ಇಟಲಿಯ ನೇಪಲ್ಸ್ ನಗರದ ವೈದ್ಯ ಕಾರ್ಲೊ ಕರ್ಜಿಯೊ 1753ರಲ್ಲಿಯೇ ಚರ್ಮ ಗಡಸಾದ ಒಬ್ಬ ಯುವತಿಯ ವಿಷಯವನ್ನು ಬರೆದಿಟ್ಟನು. ಚಳಿಗೆ ಬೆರಳುಗಳ ಬಣ್ಣ ಬದಲಾಗುವುದನ್ನು 1862ರಲ್ಲಿ ಫ್ರಾನ್ಸಿನ ಮಾರಿಸ್ ರೇನೋ ವಿವರಿಸಿದನು. ಆ ಲಕ್ಷಣಕ್ಕೆ ಇಂದಿಗೂ ಅವನದೇ ಹೆಸರು. ಶರೀರವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಶರೀರದ ಮೇಲೆ ತಿರುಗಿ ಬೀಳುವುದು ಈ ರೋಗದ ಮೂಲ. ಅದರಿಂದ ಚರ್ಮ ದಪ್ಪವಾಗುತ್ತದೆ, ಸಣ್ಣ ರಕ್ತನಾಳಗಳು ಇಕ್ಕಟ್ಟಾಗುತ್ತವೆ. ಕೆಲವರಲ್ಲಿ ಶ್ವಾಸಕೋಶ, ಅನ್ನನಾಳ, ಮೂತ್ರಪಿಂಡಗಳಿಗೂ ತೊಂದರೆ ತಟ್ಟುವುದುಂಟು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕಟ್ಟಕಡೆಯ ಹೊಲ. ಶರೀರಕ್ಕೆ ಬೆರಳಿನ ತುದಿ ಅಂಥ ಕಡೆಯ ಹೊಲ. ಅಲ್ಲಿಗೆ ರಕ್ತ ಸಾಲದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಬೆರಳ ಗೆಣ್ಣುಗಳ ಮೇಲೆ ಬಿಗಿದ ಚರ್ಮ ಸ್ವಲ್ಪ ತಗುಲಿದರೂ ಬಿರಿಯುತ್ತದೆ. ಕೆಲವರಿಗೆ ಚರ್ಮದ ಕೆಳಗೆ ಸುಣ್ಣದಂಥ ಗಂಟುಗಳಾಗಿ ಅವು ಒಡೆಯುವುದೂ ಉಂಟು. ಈ ರೋಗ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಕಾಲಕ್ಕೆ ಇಂಥ ಹುಣ್ಣು ಕಾಣಿಸಿಕೊಳ್ಳುತ್ತದೆ.

ಹುಣ್ಣಿಗೆ ರೋಗಾಣು ಸೇರಿದರೆ ನಿಜವಾದ ಅಪಾಯ. ಅವುಗಳಲ್ಲಿ ಮುಖ್ಯವಾದುದು ಸ್ಟ್ಯಾಫಿಲೊಕಾಕಸ್ ಎಂಬುದು. ರೋಗಾಣುಗಳೊಡನೆ ಹೋರಾಡುವ ಕಣಗಳು ಬರಬೇಕಾದುದು ರಕ್ತದ ದಾರಿಯಿಂದ. ನುಂಗಿದ ಔಷಧ ತಲುಪಬೇಕಾದುದೂ ಅದೇ ದಾರಿಯಿಂದ. ದಾರಿಯೇ ಇಕ್ಕಟ್ಟಾಗಿರುವಾಗ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ನೋವು ಒಮ್ಮೆಲೆ ಹೆಚ್ಚುವುದು, ಬಾವು, ಕೀವು, ದುರ್ವಾಸನೆ, ಸುತ್ತಲೂ ಹಬ್ಬುವ ಕೆಂಪು, ಜ್ವರ – ಇವು ರೋಗಾಣು ಸೇರಿದ ಗುರುತುಗಳು. ಅಲಕ್ಷಿಸಿದರೆ ಸೋಂಕು ಎಲುಬಿಗೆ ಇಳಿಯುತ್ತದೆ; ಬೆರಳು ಕೊಳೆತು ಕತ್ತರಿಸಬೇಕಾಗುತ್ತದೆ.

ನಮ್ಮ ಮನೆಯಲ್ಲಿ ನಡೆದುದು ಇದೇ. ಮೊದಲು ಹುಣ್ಣಿಗೆ ತಂಬಾಕಿನ ಪುಡಿ ಒತ್ತಿದೆವು, ಆಮೇಲೆ ಸುಣ್ಣ ಹಚ್ಚಿದೆವು, ಕುದಿಯುವಂಥ ನೀರಿನಲ್ಲಿ ಬೆರಳು ಅದ್ದಿಸಿದೆವು. ಸುಣ್ಣ ಚರ್ಮವನ್ನು ಸುಡುತ್ತದೆ. ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಆದುದರಿಂದಲೇ ಈ ರೋಗಿಗಳು ಬೀಡಿ ಸೇದುವುದನ್ನೂ ತಂಬಾಕು ಅಗಿಯುವುದನ್ನೂ ಬಿಡಲೇಬೇಕೆಂದು ವೈದ್ಯರು ಹೇಳುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಾಯಿತು. ಕೀವು ಕಂಡ ಓಣಿಯವರು ಕುಷ್ಠವೆಂದರು. ಮನೆಯಲ್ಲಿ ಚಿಗವ್ವನ ತಾಟು, ವಾಟಗ ಬೇರೆಯಾದವು. ಆಕೆಯ ಕೈಯ ಚಹವನ್ನು ನಾನೂ ಒಲ್ಲೆನೆಂದೆನು. ಕಾಲೇಜು ಕಲಿಯುವ ಹುಡುಗ ಹೀಗೆ ಮಾಡಿದನಲ್ಲ ಎಂಬ ನಾಚಿಕೆ ಇಂದಿಗೂ ಹೋಗಿಲ್ಲ.

ಕಡೆಗೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಆಕೆಯ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, “ಅಕ್ಕಾರ, ಇದು ಕುಷ್ಠ ಅಲ್ರಿ. ಯಾರಿಗೂ ಹತ್ತೂದಿಲ್ರಿ” ಎಂದರು. ಚಿಗವ್ವ ಅಲ್ಲಿಯೇ ಅತ್ತಳು. ಕುಷ್ಠದಲ್ಲಿ ಸ್ಪರ್ಶಜ್ಞಾನ ಹೋಗುತ್ತದೆ. ಸ್ಕ್ಲೆರೋಡರ್ಮಾದ ಹುಣ್ಣು ನಿದ್ದೆಗೆಡಿಸುವಷ್ಟು ನೋಯುತ್ತದೆ. ಕುಷ್ಠವಾದರೂ ಇಂದು ಔಷಧದಿಂದ ಪೂರ್ಣ ಗುಣವಾಗುವ ರೋಗವೇ. ಆದುದರಿಂದ ತಾಟು ಬೇರೆ ಮಾಡಲು ಎರಡರಲ್ಲಿಯೂ ಕಾರಣವಿಲ್ಲ.

ಚಿಕಿತ್ಸೆಗೆ ಎರಡು ಮುಖಗಳು. ಒಂದು, ರೋಗಾಣುವನ್ನು ಅಳಿಸುವುದು: ಕೀವನ್ನು ಪರೀಕ್ಷಿಸಿ ತಕ್ಕ ಔಷಧ ಕೊಡುತ್ತಾರೆ, ಎಲುಬಿನ ಸಂಶಯವಿದ್ದರೆ ಎಕ್ಸರೇ ತೆಗೆಯುತ್ತಾರೆ, ಹುಣ್ಣನ್ನು ತೊಳೆದು ಸ್ವಚ್ಛವಾದ ಪಟ್ಟಿ ಕಟ್ಟುತ್ತಾರೆ. ಇನ್ನೊಂದು, ರಕ್ತದ ದಾರಿ ತೆರೆಯುವುದು: ನಿಫೆಡಿಪಿನ್, ಸಿಲ್ಡೆನಾಫಿಲ್ ಗುಳಿಗೆಗಳು ಇದಕ್ಕಾಗಿ ಇವೆ, ಕಠಿಣ ಸಂದರ್ಭದಲ್ಲಿ ಇಲೊಪ್ರೋಸ್ಟ್ ಎಂಬುದನ್ನು ರಕ್ತನಾಳದೊಳಗೆ ಹನಿಸುತ್ತಾರೆ. ಬೊಸೆಂಟಾನ್ ಹೊಸ ಹುಣ್ಣುಗಳನ್ನು ಕಡಿಮೆ ಮಾಡುತ್ತದೆ, ಆದರೆ ಇದ್ದ ಹುಣ್ಣನ್ನು ಬೇಗ ಮಾಯಿಸುವುದಿಲ್ಲ. ಯಾವುದನ್ನೂ ನಾವಾಗಿ ಕೊಂಡು ನುಂಗಬಾರದು. ವಿಶೇಷವಾಗಿ ಸ್ಟೀರಾಯ್ಡ್ ಗುಳಿಗೆಗಳು ಹೆಚ್ಚಾದರೆ ಈ ರೋಗಿಗಳ ಮೂತ್ರಪಿಂಡಕ್ಕೆ ಅಪಾಯ ಒದಗಬಹುದು.

ಮನೆಯಲ್ಲಿ ಮಾಡಬೇಕಾದುದು ಸರಳ. ಕೈಗಳಷ್ಟೇ ಅಲ್ಲ, ಇಡೀ ಮೈ ಬೆಚ್ಚಗಿರಬೇಕು. ಪಾತ್ರೆ ತೊಳೆಯಲು ಉಗುರುಬೆಚ್ಚನೆಯ ನೀರು ಬೇಕು. ಚರ್ಮ ಬಿರಿಯದಂತೆ ಎಣ್ಣೆಯನ್ನಾಗಲಿ ಮುಲಾಮನ್ನಾಗಲಿ ಹಚ್ಚಬೇಕು, ಆದರೆ ಹುಣ್ಣಿನೊಳಗೆ ಅಲ್ಲ. ಬೆರಳು ಕಪ್ಪಾದರೆ, ಕೀವು ಬಂದರೆ, ಜ್ವರವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆಂಬ ಮಾತು ನಮ್ಮ ಪಾಲಿಗೆ ನಿಜವಾಯಿತು. ತಡಮಾಡಿದ ತಪ್ಪಿಗೆ ಚಿಗವ್ವ ತೋರುಬೆರಳಿನ ತುದಿಯನ್ನು ಕಳೆದುಕೊಂಡಳು. ಉಳಿದ ಒಂಬತ್ತು ಉಳಿದವು. ಈಗ ಬೀಡಿ ಕಟ್ಟುವುದನ್ನು ಬಿಟ್ಟಿದ್ದಾಳೆ. ಚಳಿಗಾಲದಲ್ಲಿ ಕೈಗೆ ಉಣ್ಣೆಯ ಚೀಲ ಹಾಕಿಕೊಂಡು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತಾಳೆ. ರಜೆಗೆ ಊರಿಗೆ ಹೋದಾಗಲೆಲ್ಲ ಮೊದಲು ಆಕೆಯ ಕೈಯ ಚಹ ಕುಡಿದೇ ಮುಂದಿನ ಮಾತು. ವಾಚಕರ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಚಳಿಗೆ ಬೆಳ್ಳಗಾಗುವ ಬೆರಳುಗಳು ಕಂಡರೆ ಹುಣ್ಣಾಗುವವರೆಗೆ ಕಾಯದೆ ವೈದ್ಯರಿಗೆ ತೋರಿಸಲಿ ಎಂಬುದೇ ನನ್ನ ಬಿನ್ನಹ.