ಸೆನ್ಸಾರ್ ಒಪ್ಪಿದ ಸಿನೆಮಾ ನಿಲ್ಲಿಸುವ ಅಧಿಕಾರ ಯಾರಿಗಿದೆ?

ಸೊಲ್ಲಾಪುರ: ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ನವಿ ಪೇಠಕ್ಕೆ ಬಟ್ಟೆಬರೆ ಖರೀದಿಗೆ ಬಂದವರು ಒಂದು ಸಿನೆಮಾ ನೋಡಿಕೊಂಡೇ ಊರಿಗೆ ಮರಳುವುದುಂಟು. ಮರಾಠಿಯಾದರೂ ಸೈ, ಕನ್ನಡವಾದರೂ ಸೈ, ಹಿಂದಿಯಾದರೂ ಸೈ. ಆದರೆ ಟಿಕೆಟ್ ತೆಗೆಸಿ ಒಳಗೆ ಕೂತ ಮೇಲೆ ನಾಲ್ಕು ಜನ ನುಗ್ಗಿ ‘ಆಟ ಬಂದ್ ಮಾಡ್ರಿ’ ಎಂದರೆ? ಆ ಅಧಿಕಾರ ಅವರಿಗೆ ಇದೆಯೇ?

ಇದು ಬರೀ ಊಹೆಯ ಮಾತಲ್ಲ. 2019ರ ಡಿಸೆಂಬರಿನಲ್ಲಿ ಗಡಿ ವಿವಾದ ಕಾವೇರಿದಾಗ ಕೊಲ್ಹಾಪುರದಲ್ಲಿ ಕನ್ನಡದ ‘ಅವನೇ ಶ್ರೀಮನ್ನಾರಾಯಣ’ ಪ್ರದರ್ಶನವನ್ನು ನಿಲ್ಲಿಸಲಾಯಿತು. 2025ರ ಜೂನಿನಲ್ಲಿ ಕಮಲಹಾಸನ್ ಕನ್ನಡ ಭಾಷೆಯ ಬಗ್ಗೆ ಆಡಿದ ಮಾತಿನಿಂದಾಗಿ ‘ಥಗ್ ಲೈಫ್’ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಎರಡಕ್ಕೂ ಸೆನ್ಸಾರ್ ಸರ್ಟಿಫಿಕೇಟ್ ಇತ್ತು. ಎರಡರಲ್ಲೂ ತಕರಾರು ಸಿನೆಮಾದೊಳಗಿನ ಕಥೆಯದ್ದಲ್ಲ, ಹೊರಗಿನ ಜಗಳದ್ದು.

ಮಂಡಳಿಯ ಕೆಲಸ ಏನು?

1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಚಿತ್ರಮಂದಿರದಲ್ಲಿ ತೋರಿಸುವ ಪ್ರತಿಯೊಂದು ಚಿತ್ರಕ್ಕೂ ಕೇಂದ್ರದ ಮಂಡಳಿಯ ಸರ್ಟಿಫಿಕೇಟ್ ಬೇಕು. ನಾವು ಈಗಲೂ ಸೆನ್ಸಾರ್ ಬೋರ್ಡ್ ಎಂದೇ ಕರೆದರೂ 1983ರಲ್ಲಿಯೇ ಅದರ ಹೆಸರು ಪ್ರಮಾಣೀಕರಣ ಮಂಡಳಿ ಎಂದು ಬದಲಾಗಿದೆ. ಎಲ್ಲರೂ ನೋಡಬಹುದಾದ ಚಿತ್ರಕ್ಕೆ ‘ಯು’, 18 ತುಂಬಿದವರಿಗೆ ಮಾತ್ರ ಎಂದರೆ ‘ಎ’. ನಡುವಿನ ‘ಯುಎ’ಯನ್ನು 2023ರ ತಿದ್ದುಪಡಿ 7, 13, 16 ವರ್ಷ ಎಂದು ಮೂರು ಭಾಗ ಮಾಡಿದೆ. ಆ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂಬುದು ತಂದೆ-ತಾಯಿಗೆ ಬಿಟ್ಟದ್ದು.

ಮಂಡಳಿಯ ಮುಖ್ಯ ಕಚೇರಿ ಮುಂಬೈಯಲ್ಲಿದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. ಎಲ್ಲಿ ಕೊಟ್ಟರೂ ಸರ್ಟಿಫಿಕೇಟ್ ಇಡೀ ದೇಶಕ್ಕೆ ನಡೆಯುತ್ತದೆ. ರಾಜ್ಯದ ಗಡಿ ಅದಕ್ಕೆ ಅಡ್ಡ ಬರುವುದಿಲ್ಲ.

ಮಂಡಳಿಯೂ ಎಡವುತ್ತದೆ

ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ತೆಗೆದ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಅಧಿಕಾರಿಗಳು ಅನುಮತಿ ನಿರಾಕರಿಸಿದ್ದರು. ಒಂದು ಸಮಾಜಕ್ಕೆ ನೋವಾದೀತು ಎಂಬುದು ಅವರ ಅಂಜಿಕೆ. ಕೊನೆಗೆ ಕೇಂದ್ರ ಸರಕಾರ ಒಪ್ಪಿತು. ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. 2016ರಲ್ಲಿ ‘ಉಡ್ತಾ ಪಂಜಾಬ್’ಗೆ 13 ಬದಲಾವಣೆ ಕೇಳಿದಾಗ ಮುಂಬೈ ಹೈಕೋರ್ಟ್ ಒಂದೇ ಕತ್ತರಿಗೆ ಒಪ್ಪಿತು. ಮಂಡಳಿಯ ತೀರ್ಮಾನದ ಮೇಲೆ ಅಪೀಲು ಕೇಳುತ್ತಿದ್ದ ಟ್ರಿಬ್ಯುನಲ್ 2021ರಲ್ಲಿ ರದ್ದಾಯಿತು. ಈಗ ನಿರ್ಮಾಪಕರು ನೇರವಾಗಿ ಹೈಕೋರ್ಟಿಗೇ ಹೋಗಬೇಕು. ದೊಡ್ಡವರಿಗೆ ಇದು ಸಾಧ್ಯ. ಸಣ್ಣ ಬಜೆಟ್ಟಿನವರು ಕೇಳಿದಷ್ಟು ಕತ್ತರಿಸಿ ಸುಮ್ಮನಾಗುವ ಸಂಭವವೇ ಹೆಚ್ಚು.

ಬೀದಿಯ ಸೆನ್ಸಾರ್

ಮಂಡಳಿಯ ತಪ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಗುಂಪಿನ ಠರಾವಿಗೆ ಅಪೀಲು ಎಲ್ಲಿದೆ? ‘ನೈತಿಕ ಪೊಲೀಸ್‌ಗಿರಿ’ಯ ದೊಡ್ಡ ಅಪಾಯ ಇದೇ. ಶಾಂತಿ ಕದಡುವ ಪ್ರಸಂಗ ಬಂದರೆ ಪ್ರದರ್ಶನ ತಡೆಯುವ ಅಧಿಕಾರವನ್ನು ರಾಜ್ಯಗಳ ಸಿನೆಮಾ ಕಾಯ್ದೆಗಳು ಸರಕಾರಕ್ಕೆ ಕೊಟ್ಟಿವೆ, ಸಂಘಟನೆಗಳಿಗಲ್ಲ. ಸರಕಾರವೂ ಗಲಾಟೆಯ ನೆಪ ಹೇಳಿ ಕೈಕಟ್ಟಿ ಕೂರುವಂತಿಲ್ಲ. ಬೆದರಿಕೆಗೆ ಹೆದರಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಹತ್ತಿಕ್ಕಬಾರದು, ರಕ್ಷಣೆ ಕೊಡುವುದೇ ಸರಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ‘ಥಗ್ ಲೈಫ್’ ವಿಷಯದಲ್ಲೂ ಅದೇ ಮಾತು ಬಂತು.

ನೋಡುಗರು ಏನು ಮಾಡಬಹುದು?

ಆಟ ನಿಂತರೆ ಗುಂಪಿನೊಡನೆ ವಾದಕ್ಕೆ ಇಳಿಯಬೇಡಿ. ಹೆಂಗಸರು-ಮಕ್ಕಳನ್ನು ಮೊದಲು ಹೊರಗೆ ಕರೆದುಕೊಂಡು ಬನ್ನಿ. 112ಕ್ಕೆ ಫೋನ್ ಮಾಡಿ. ಟಿಕೆಟ್ ಹರಿದು ಎಸೆಯದೆ ಥಿಯೇಟರಿನವರಲ್ಲಿ ಹಣ ವಾಪಸ್ ಕೇಳಿ. ಸಿನೆಮಾವೇ ನಿಮಗೆ ಸರಿಬರದಿದ್ದರೆ ನೋಡದೆ ಇರಬಹುದು, ಮಂಡಳಿಗೆ ಪತ್ರ ಬರೆಯಬಹುದು, ಕೋರ್ಟಿಗೆ ಹೋಗಬಹುದು.

ನಮ್ಮ ಸೊಲ್ಲಾಪುರ ಜಿಲ್ಲೆಯ ಕರಮಾಳದ ನಾಗರಾಜ ಮಂಜುಳೆ 2016ರಲ್ಲಿ ತೆಗೆದ ‘ಸೈರಾಟ್’ ಮರುವರ್ಷವೇ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಗಿ ಬಂತು. ನಾಯಕಿಯೂ ಅದೇ ಹುಡುಗಿ, ರಿಂಕು ರಾಜಗುರು. ಜಾತಿ ಮೀರಿ ಪ್ರೀತಿಸಿದವರ ಕಥೆ ಭಾಷೆಯ ಗಡಿಯನ್ನೂ ಹೀಗೆ ದಾಟಿತು. ಎರಡು ಭಾಷೆ ಬಲ್ಲ ನಮ್ಮಂಥವರಿಗೆ ಎರಡೂ ಕಡೆಯ ಸಿನೆಮಾ ನೋಡುವ ಭಾಗ್ಯ ಇದೆ. ಒಂದು ಕಡೆ ನಿಂತ ಆಟಕ್ಕೆ ಇನ್ನೊಂದು ಕಡೆ ಸೇಡು ಎಂದು ಹೊರಟರೆ ಮೊದಲು ನಷ್ಟ ಆಗುವುದು ನಮಗೇ.