ಪ್ರಾರ್ಥನೆಯನ್ನು ನಿಲ್ಲಿಸಿದವರು ಯಾರು?

ಅಮೆರಿಕದ ಶಾಲೆಗಳಿಂದ ದೇವರನ್ನೇ ಓಡಿಸಿದರಂತೆ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ನಾವೂ ಅದನ್ನು ನಾಲ್ಕು ಜನಕ್ಕೆ ದಾಟಿಸಿದ್ದೇವೆ. ಚರ್ಚನ್ನೂ ಸರ್ಕಾರವನ್ನೂ ಬೇರೆ ಬೇರೆ ಇಡಬೇಕೆಂದು ಅಲ್ಲಿನ ಸಣ್ಣ ಊರುಗಳಲ್ಲಿ ಹೋರಾಡಿದವರ ಕತೆ ಇಲ್ಲಿಗೆ ತಲುಪುವಷ್ಟರಲ್ಲಿ ಅದಕ್ಕೆ ಬಾಲ, ಕೊಂಬು ಎಲ್ಲ ಮೂಡಿರುತ್ತವೆ.

ತಪ್ಪು ಕಲ್ಪನೆ: ಸುಪ್ರೀಂ ಕೋರ್ಟು ಶಾಲೆಯಲ್ಲಿ ಪ್ರಾರ್ಥಿಸುವುದನ್ನೇ ನಿಷೇಧಿಸಿತು.

ವಾಸ್ತವ: ನಿಂತದ್ದು ಸರ್ಕಾರ ಹೇಳಿಸುವ ಪ್ರಾರ್ಥನೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಇಂಗ್ಲಿಷಿನಲ್ಲಿ 22 ಪದಗಳ ಪ್ರಾರ್ಥನೆಯೊಂದನ್ನು ತಾನೇ ಬರೆದು, ದಿನದ ಆರಂಭದಲ್ಲಿ ಹೇಳಿಸಿ ಎಂದು ಶಿಫಾರಸು ಮಾಡಿತ್ತು. ನ್ಯೂ ಹೈಡ್ ಪಾರ್ಕ್‌ನ ಕೆಲವು ಪೋಷಕರು ಅದರ ವಿರುದ್ಧ ಕೋರ್ಟಿಗೆ ಹೋಗಿ 1962ರಲ್ಲಿ ಗೆದ್ದರು. ಮರುವರ್ಷ ಇನ್ನೊಂದು ತೀರ್ಪಿನಿಂದ, ಶಾಲೆ ದಿನವೂ ಬೈಬಲ್ ಪಠಣ ಮಾಡಿಸುವುದೂ ನಿಂತಿತು. ಆದರೆ ಸಾಹಿತ್ಯವೆಂದೋ ಇತಿಹಾಸವೆಂದೋ ಬೈಬಲನ್ನು ಪಾಠ ಮಾಡಲು ಅಡ್ಡಿಯಿಲ್ಲವೆಂದು ಅದೇ ತೀರ್ಪು ಹೇಳಿತು. ಗಣಿತದ ಪರೀಕ್ಷೆಗೆ ಮುಂಚೆ ಕಣ್ಣುಮುಚ್ಚಿ ದೇವರನ್ನು ನೆನೆಯುವ ಹುಡುಗನನ್ನು ಯಾವ ತೀರ್ಪೂ ತಡೆದಿಲ್ಲ. (ಗಣಿತದ ಪರೀಕ್ಷೆಗಳು ಇರುವವರೆಗೆ ತಡೆಯಲು ಆಗುವುದೂ ಇಲ್ಲ.)

ತಪ್ಪು ಕಲ್ಪನೆ: ಬೇಡದವರು ಎದ್ದು ಹೊರಗೆ ಹೋದರಾಯಿತು, ಅದರಿಂದ ಯಾರಿಗೂ ನಷ್ಟವಿಲ್ಲ.

ವಾಸ್ತವ: ಹಾಗೆ ಹೊರಗೆ ಹೋದ ಮಗುವಿನ ಕಡೆಯಿಂದ ನೋಡಬೇಕು. ಇಲಿನಾಯ್ ರಾಜ್ಯದ ಶಾಂಪೇನ್ ಊರಿನ ಸರ್ಕಾರಿ ಶಾಲೆಗಳಲ್ಲಿ 1940ರಿಂದ ವಾರಕ್ಕೊಮ್ಮೆ ಧರ್ಮದ ತರಗತಿ ನಡೆಯುತ್ತಿತ್ತು. ಚಿಕ್ಕವರಿಗೆ ಅರ್ಧ ಗಂಟೆ, ದೊಡ್ಡವರಿಗೆ ಮುಕ್ಕಾಲು ಗಂಟೆ. ಪಾಠ ಹೇಳುವವರು ಹೊರಗಿನವರು, ಅವರ ಸಂಬಳವೂ ಶಾಲೆಯದಲ್ಲ. ಪೋಷಕರು ಸಹಿ ಹಾಕಿದ ಚೀಟಿ ಕೊಟ್ಟರೆ ಮಾತ್ರ ಪ್ರವೇಶ. ಕಾಗದದ ಮೇಲೆ ಎಲ್ಲವೂ ಸರಿಯಾಗೇ ಇತ್ತು. ಆದರೆ ತರಗತಿ ನಡೆಯುತ್ತಿದ್ದುದು ಶಾಲೆಯ ಕೋಣೆಯಲ್ಲೇ, ಶಾಲೆಯ ಸಮಯದಲ್ಲೇ, ಹಾಜರಿ ಸಮೇತ. ಚೀಟಿ ತಾರದ ವಾಷ್ಟಿ ಮೆಕಾಲಮ್ ಅವರ ಮಗನನ್ನು ಶಾಲೆಯವರು ಹೊರಗಿನ ಓಣಿಯಲ್ಲಿ ಒಂಟಿ ಡೆಸ್ಕಿನಲ್ಲಿ ಕೂರಿಸಿದರು. ತಪ್ಪು ಮಾಡಿದ ಮಕ್ಕಳನ್ನು ಕೂರಿಸುವಂಥ ಜಾಗ ಅದು. ಹಾದುಹೋಗುವ ಮಕ್ಕಳು ಸುಮ್ಮನಿರುತ್ತಾರೆಯೇ?

ತಾಯಿ ದಾವೆ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಸೋತರು, ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಸೋತರು. 1948ರಲ್ಲಿ ದೇಶದ ಸುಪ್ರೀಂ ಕೋರ್ಟು 8–1ರಿಂದ ಅವರ ಪರ ನಿಂತಿತು. ಅಷ್ಟರಲ್ಲಿ ವಿಶ್ವವಿದ್ಯಾಲಯದಲ್ಲಿದ್ದ ಅವರ ಕೆಲಸ ಹೋಗಿತ್ತು, ಮನೆಗೆ ಬೈಗುಳದ ಪತ್ರಗಳು ಬಂದಿದ್ದವು, ಸಾಕಿದ ಬೆಕ್ಕನ್ನೂ ಯಾರೋ ಕೊಂದಿದ್ದರು. ಐಚ್ಛಿಕ ಎಂದು ಬರೆದಿದ್ದ ತರಗತಿಯನ್ನು ಒಲ್ಲೆ ಎಂದುದಕ್ಕೆ ತೆತ್ತ ಬೆಲೆ ಇದು.

ತಪ್ಪು ಕಲ್ಪನೆ: ಇದೆಲ್ಲ ನಾಸ್ತಿಕರ ಕೆಲಸ.

ವಾಸ್ತವ: ನಾಸ್ತಿಕರು ಇದ್ದಾರೆ, ಇಲ್ಲವೆನ್ನುವುದೇಕೆ? ಮೆಕಾಲಮ್ ಅವರಿಗೂ ದೇವರಲ್ಲಿ ನಂಬಿಕೆ ಇರಲಿಲ್ಲ. ಆದರೆ ಚರ್ಚು–ಸರ್ಕಾರಗಳ ನಡುವಿನ ಗೋಡೆಯ ಮಾತು ಹೆಸರಾದದ್ದು ಅಧ್ಯಕ್ಷ ಥಾಮಸ್ ಜೆಫರ್ಸನ್ 1802ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಬರೆದ ಉತ್ತರದಿಂದ. ಆ ರಾಜ್ಯದಲ್ಲಿ ಕಾಂಗ್ರಿಗೇಶನಲ್ ಚರ್ಚು ಸರ್ಕಾರಿ ಚರ್ಚಾಗಿತ್ತು. ಉಳಿದ ಪಂಗಡದವರು ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಲು ಪ್ರಮಾಣಪತ್ರ ಹಾಜರುಪಡಿಸಬೇಕಿತ್ತು. ಭಕ್ತರೇ ಬೇಸತ್ತಿದ್ದರು. ಟೆಕ್ಸಾಸ್‌ನ ಸ್ಯಾಂಟಾ ಫೆ ಶಾಲೆಯ ಫುಟ್‌ಬಾಲ್ ಪಂದ್ಯಗಳಲ್ಲಿ ಮೈಕಿನಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯನ್ನು ಪ್ರಶ್ನಿಸಿ 2000ದಲ್ಲಿ ಗೆದ್ದವರು ಒಂದು ಮಾರ್ಮನ್ ಕುಟುಂಬ, ಒಂದು ಕ್ಯಾಥೊಲಿಕ್ ಕುಟುಂಬ. ಅವರ ಗುರುತು ಪತ್ತೆಹಚ್ಚಲು ಹೊರಟ ಶಾಲೆಯವರಿಗೆ ನ್ಯಾಯಾಧೀಶರೇ ಎಚ್ಚರಿಕೆ ಕೊಡಬೇಕಾಯಿತು.

ತಪ್ಪು ಕಲ್ಪನೆ: ಹೊರಗಿನ ಸಂಘಗಳು ಬಂದು ಊರಿನ ನೆಮ್ಮದಿ ಕೆಡಿಸುತ್ತವೆ.

ವಾಸ್ತವ: ಇದರಲ್ಲಿ ಸ್ವಲ್ಪ ನಿಜವಿದೆ. ವಕೀಲರು ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತಾರೆ. ಆದರೆ ತೊಂದರೆಗೊಳಗಾದವರು ಮುಂದೆ ಬರದೆ ಕೋರ್ಟು ದಾವೆಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಪೆನ್ಸಿಲ್ವೇನಿಯಾದ ಡೋವರ್‌ನಲ್ಲಿ ವಿಕಾಸವಾದದ ಬಗ್ಗೆ ಅನುಮಾನ ಬಿತ್ತುವ ಹೇಳಿಕೆಯೊಂದನ್ನು ಜೀವಶಾಸ್ತ್ರದ ತರಗತಿಯಲ್ಲಿ ಓದಬೇಕೆಂದು ಶಾಲಾ ಮಂಡಳಿ 2004ರಲ್ಲಿ ಹೊರಡಿಸಿದ ಆದೇಶವನ್ನು ಪ್ರಶ್ನಿಸಿದವರು ಅದೇ ಊರಿನ 11 ಮಂದಿ ಪೋಷಕರು. ವಿಜ್ಞಾನದ ಮೇಷ್ಟ್ರುಗಳು ಅದನ್ನು ಓದಲು ಒಪ್ಪಲಿಲ್ಲ. 2005ರ ಡಿಸೆಂಬರ್‌ನಲ್ಲಿ ತೀರ್ಪು ಬರುವ ಮೊದಲೇ, ನವೆಂಬರ್ ಚುನಾವಣೆಯಲ್ಲಿ ಊರಿನವರು ಕಣದಲ್ಲಿದ್ದ ಎಂಟೂ ಹಳೆಯ ಸದಸ್ಯರನ್ನು ಸೋಲಿಸಿದ್ದರು.

ತಪ್ಪು ಕಲ್ಪನೆ: ಅದು ಕ್ರೈಸ್ತರ ಮನೆಜಗಳ, ನಮಗೇನು?

ವಾಸ್ತವ: ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಹೋಗುವುದು ಅವೇ ಸರ್ಕಾರಿ ಶಾಲೆಗಳಿಗೆ. ಹೇಳಿಸುವ ಪ್ರಾರ್ಥನೆ ಯಾರದು ಎಂಬ ಪ್ರಶ್ನೆ ಅವರಿಗೂ ಎದುರಾಗುತ್ತದೆ. 2007ರ ಜುಲೈನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಮೊದಲ ಬಾರಿ ಹಿಂದೂ ಪ್ರಾರ್ಥನೆ ನಡೆದಾಗ ಗ್ಯಾಲರಿಯಿಂದ ಕೂಗಿ ಅಡ್ಡಿಪಡಿಸಿದವರಿದ್ದರು.

ತಪ್ಪು ಕಲ್ಪನೆ: ಕೋರ್ಟು ಯಾವಾಗಲೂ ಗೋಡೆ ಬೇಕೆನ್ನುವವರ ಕಡೆಗೇ.

ವಾಸ್ತವ: ಈಚೆಗಂತೂ ಸೋಲುಗಳೇ ಹೆಚ್ಚು ಕಾಣುತ್ತವೆ. ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಬ್ರೆಮರ್ಟನ್‌ನ ಶಾಲೆಯೊಂದರ ಕೋಚ್ 2022ರಲ್ಲಿ 6–3ರಿಂದ ಗೆದ್ದರು. ಅದಕ್ಕೂ ಮೊದಲು, ನ್ಯೂಯಾರ್ಕ್‌ನ ಗ್ರೀಸ್ ಎಂಬ ಪಟ್ಟಣದ ಸಭೆಗಳಲ್ಲಿ ವರ್ಷಗಟ್ಟಲೆ ಕ್ರೈಸ್ತ ಪ್ರಾರ್ಥನೆಯಷ್ಟೇ ನಡೆಯುತ್ತಿರುವುದನ್ನು ಒಬ್ಬ ಯಹೂದಿ ಮಹಿಳೆ, ಒಬ್ಬ ನಾಸ್ತಿಕ ಮಹಿಳೆ ಸೇರಿ ಪ್ರಶ್ನಿಸಿದ್ದರು. ಅವರು 2014ರಲ್ಲಿ 5–4ರಿಂದ ಸೋತರು. ಆದರೂ ದೂರು ಎದ್ದ ಮೇಲೆ ಪಟ್ಟಣದವರು ಒಬ್ಬ ಯಹೂದಿಯನ್ನೂ ಬಹಾಯಿ ಪಂಥದ ಒಬ್ಬರನ್ನೂ ಪ್ರಾರ್ಥನೆಗೆ ಕರೆದಿದ್ದರು. ಪತ್ರಿಕೆಯಲ್ಲಿ ಸುದ್ದಿ ಓದಿ ತಾನೂ ಬರುತ್ತೇನೆಂದ ವಿಕ್ಕಾ ಪಂಥದ ಅರ್ಚಕಿಗೂ ಅವಕಾಶ ಸಿಕ್ಕಿತ್ತು. ತೀರ್ಪು ಬಂದ ವರ್ಷವೇ ಜುಲೈನಲ್ಲಿ ಅದೇ ಸಭೆ ಒಬ್ಬ ನಾಸ್ತಿಕರ ಮಾತಿನಿಂದ ಆರಂಭವಾಯಿತು.