ಚಕ್ರದ ಮೇಲೆ ಮನೆ ಸರಿ, ಟ್ಯಾಂಕ್ ಖಾಲಿ ಮಾಡೋರು ಯಾರು?

ನಮ್ಮಮ್ಮನಿಗೆ ಒಂದು ಅಭ್ಯಾಸ. ಬೆಳಗ್ಗೆ ಪ್ರಯಾಣ ಅಂದ್ರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ನಿಲ್ಲಿಸಿಬಿಡ್ತಾರೆ. ಯಾಕೆ ಅಂತ ನಿಮ್ಮನೆ ಹೆಂಗಸರನ್ನು ಕೇಳಿ, ಹೇಳ್ತಾರೆ. ಗಂಡಸರಿಗೆ ಹೆದ್ದಾರಿಯ ಅಂಚೆಲ್ಲ ಶೌಚಾಲಯ. ಮಂಡಿ ನೋವಿರೋ ಹೆಂಗಸಿಗೆ ಒಂದು ಶುಚಿಯಾದ ಕಮೋಡ್ ಎಲ್ಲಿ ಸಿಗುತ್ತೆ?

ಅದಕ್ಕೇ ಹೋದ ರಜೆಯಲ್ಲಿ ಬಾಡಿಗೆಗೆ ಕ್ಯಾಂಪರ್‌ವ್ಯಾನ್ ತಗೊಂಡೆ. ಒಳಗೇ ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ. ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಉಡುಪಿ, ಅಲ್ಲಿಂದ ಮರವಂತೆ. ಅಮ್ಮ ದಾರಿಯುದ್ದಕ್ಕೂ ಆರಾಮಾಗಿ ಮಜ್ಜಿಗೆ ಕುಡಿದ್ರು. ನನಗೆ ಬಾಡಿಗೆ ಅಲ್ಲೇ ವಸೂಲಾಯ್ತು. ಹೋಟೆಲ್‌ನವರ ಚೆಕ್‌ಔಟ್ ಗಡಿಬಿಡಿ ಇಲ್ಲ, ಮಗು ಹಸಿದಾಗ ಗಂಜಿ ರೆಡಿ, ನಿದ್ದೆ ಬಂದ್ರೆ ಹಾಸಿಗೆ ರೆಡಿ. ಇದಿಷ್ಟು ಲಾಭದ ಬಾಬ್ತು.

ಈಗ ನಷ್ಟದ ಕಡೆ ಬರೋಣ. ಜಾಹೀರಾತಿನಲ್ಲಿ ಕಾಣೋದು ದಿನದ ಬಾಡಿಗೆ ಮಾತ್ರ. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮಿತಿ, ಮೀರಿದರೆ ಹೆಚ್ಚುವರಿ, ಡೀಸೆಲ್, ಟೋಲ್, ಡ್ರೈವರ್ ಬಾಟಾ, ಮೇಲೆ ಅಡ್ವಾನ್ಸ್. ಇಬ್ಬರೇ ಹೋಗೋದಾದ್ರೆ ಕಾರು, ಒಳ್ಳೆ ಲಾಡ್ಜೇ ಅಗ್ಗ. ಐದಾರು ಜನ ಇದ್ರೆ ಲೆಕ್ಕ ಹಾಕಿ ನೋಡಿ.

ಎರಡನೆಯದು ಎಸಿ. ನಾನು ಓದಿದ ಎಂಜಿನಿಯರಿಂಗ್ ಇಲ್ಲಿ ಕೆಲಸಕ್ಕೆ ಬಂತು. 12 ವೋಲ್ಟ್, 200 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 2,400 ವ್ಯಾಟ್ ಅವರ್. 1,000 ವ್ಯಾಟ್ ಎಳೆಯೋ ಎಸಿಗೆ ಕಾಗದದ ಮೇಲೆ ಎರಡು ಗಂಟೆ ಚಿಲ್ಲರೆ. ಮಾಮೂಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ ಸಿಗೋದು ಒಂದೇ ಗಂಟೆ. ಕರಾವಳಿಯ ಸೆಕೆಯಲ್ಲಿ ಉಳಿದ ರಾತ್ರಿ ಏನು ಮಾಡ್ತೀರಿ? ಕರೆಂಟ್ ಕನೆಕ್ಷನ್ ಕೊಡೋ ಜಾಗ ಬೇಕೇ ಬೇಕು.

ಆ ಜಾಗ ಎಲ್ಲಿದೆ? ಸಮುದ್ರದ ಪಕ್ಕ ನಿಲ್ಲಿಸಿಕೊಂಡು ಮಲಗೋದು ನಮ್ಮ ಕನಸು. ಗಸ್ತಿನ ಪೊಲೀಸರು ಬಂದು, "ಇಲ್ಲಿ ಬೇಡ ಸರ್, ಸೇಫ್ ಅಲ್ಲ" ಅಂದ್ರು. ಅವರ ಮಾತಲ್ಲೂ ತಪ್ಪಿರಲಿಲ್ಲ. ಕೊನೆಗೆ ಮಲಗಿದ್ದು ಒಂದು ಪೆಟ್ರೋಲ್ ಬಂಕ್ ಆವರಣದಲ್ಲಿ, ಲಾರಿಗಳ ಮಧ್ಯೆ. ನಾವು ಹಾಸಿಗೆ ಮೇಲೆ, ಡ್ರೈವರ್ ಅಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟುಕೊಂಡು. ಬೆಳಗ್ಗೆ ಘಾಟಿ ಹತ್ತಿಸಬೇಕಾದವರು ಅವರೇ ಅನ್ನೋದು ನನಗೆ ಹೊಳೆದಿದ್ದು ತಡವಾಗಿ. ಮರುದಿನ ಅವರಿಗೊಂದು ರೂಮು ಮಾಡಿಕೊಟ್ಟೆ.

ಆದರೆ ನನ್ನನ್ನು ಬಿಡದೆ ಕಾಡಿದ್ದು ವಾಪಸ್ ಬಂದ ದಿನದ ದೃಶ್ಯ. ಬಾಡಿಗೆಯವರ ಶೆಡ್‌ನಲ್ಲಿ ಒಬ್ಬ ಹುಡುಗ, ಕೈಗೆ ಗ್ಲೌಸ್ ಕೂಡ ಇಲ್ಲದೆ, ಶೌಚಾಲಯದ ಟ್ಯಾಂಕ್ ಎಳೆದುಕೊಂಡು ಹಿಂದಿನ ಮೋರಿ ಕಡೆ ಹೋದ. ಅಮ್ಮ ಮೆಲ್ಲಗೆ ಕೇಳಿದ್ರು, "ಇಷ್ಟು ದಿನ ನಾವು ಮಾಡಿದ್ದನ್ನ ಈ ಮಗು ಎತ್ತಬೇಕೇನೋ?" ನನ್ನ ಹತ್ರ ಉತ್ತರ ಇರಲಿಲ್ಲ. ಮನುಷ್ಯರ ಕೈಯಲ್ಲಿ ಮಲ ಹೊರಿಸೋದನ್ನು ನಿಷೇಧಿಸಿ 2013ರಲ್ಲೇ ಕಾನೂನು ಬಂದಿದೆ. ಅದರ ಅಕ್ಷರ ಬಿಡಿ, ಆಶಯವಾದರೂ ನೆನಪಿರಬೇಕಲ್ಲ?

ನ್ಯೂಜಿಲೆಂಡ್‌ನಲ್ಲಿ ಊರೂರಲ್ಲಿ ಡಂಪ್ ಸ್ಟೇಷನ್ ಇವೆ. ಗಾಡಿ ನಿಲ್ಲಿಸಿ, ಟ್ಯಾಂಕನ್ನು ನೇರ ಒಳಚರಂಡಿಗೆ ಖಾಲಿ ಮಾಡಿ, ತೊಳೆದು, ಕೈ ತೊಳ್ಕೊಂಡು ಮುಂದೆ ಹೋಗಬಹುದು. ಮಾಡೋರು ಯಾರು? ಗಾಡಿ ಬಾಡಿಗೆಗೆ ತಗೊಂಡವರೇ! 2023ರಲ್ಲಿ ಕಾನೂನು ಬಿಗಿ ಮಾಡಿ, ಸ್ವಂತ ವ್ಯವಸ್ಥೆ ಇದೆ ಅಂತ ಸರ್ಟಿಫಿಕೇಟ್ ಪಡೆಯೋ ಗಾಡಿಯಲ್ಲಿ ಶೌಚಾಲಯ ಕಡ್ಡಾಯವಾಗಿ ಗಾಡಿಗೇ ಜೋಡಿಸಿರಬೇಕು ಅಂದ್ರು. ನಮ್ಮಲ್ಲಿ ಗಾಡಿ ಬಂತು, ಮೋರಿ ಮಾತ್ರ ಹಳೆಯದೇ.

ಹಾಗಾದ್ರೆ ಹೋಗಬೇಡಿ ಅಂತೀನಾ? ಇಲ್ಲ. ಖಂಡಿತ ಹೋಗಿ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ. ಹೋಗೋ ಮುಂಚೆ ನಾಲ್ಕು ವಿಷಯ ನೋಡ್ಕೊಳ್ಳಿ. ನಂಬರ್ ಪ್ಲೇಟ್ ಹಳದಿ, ಅಥವಾ ನೀವೇ ಓಡಿಸೋದಾದ್ರೆ ಕಪ್ಪು ಬಣ್ಣದ್ದಾ? ಬಿಳಿ ಪ್ಲೇಟ್ ಬಾಡಿಗೆ ಗಾಡಿ ಕಾನೂನುಬಾಹಿರ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ರಾತ್ರಿ ಎಲ್ಲಿ ನಿಲ್ಲಿಸ್ತೀರಿ? ಡ್ರೈವರ್ ಎಲ್ಲಿ ಮಲಗ್ತಾರೆ? ಟ್ಯಾಂಕ್ ಯಾರು, ಎಲ್ಲಿ, ಹೇಗೆ ಖಾಲಿ ಮಾಡ್ತಾರೆ?

ಕೊನೆಯ ಪ್ರಶ್ನೆ ಕೇಳೋಕೆ ಮುಜುಗರ ಆಗುತ್ತೆ. ಆದರೂ ಕೇಳಿ. ನಾವು ಬಾಡಿಗೆದಾರರು ಕೇಳೋಕೆ ಶುರು ಮಾಡಿದ್ರೆ ಮಾಲೀಕರು ಗ್ಲೌಸ್ ತರ್ತಾರೆ, ಸರ್ಕಾರ ಡಂಪ್ ಸ್ಟೇಷನ್ ಬಗ್ಗೆ ಯೋಚನೆ ಮಾಡುತ್ತೆ. ಅಲ್ಲಿವರೆಗೂ ನಮ್ಮ ಅನುಕೂಲದ ಬಿಲ್ಲನ್ನು ಆ ಹುಡುಗನೇ ಕಟ್ಟುತ್ತಿರುತ್ತಾನೆ.